ಒಂದೇ ಅನ್ನಕ್ಕೆ ಆರನೇ ಒಗ್ಗರಣೆ

ಅಮೆರಿಕದ ಜಾಜ್ ತುತ್ತೂರಿಗಾರ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಎಂಬ ಗ್ರಾಮಫೋನ್ ತಟ್ಟೆ ನಮ್ಮ ಮನೆಯಲ್ಲಿ ಐದಿವೆ. ಆರನೆಯದು ಮೊನ್ನೆ ಕೊರಿಯರ್‌ನಲ್ಲಿ ಬಂತು.

“ಏನ್ರೀ, ಇದರಲ್ಲಿ ಹಾಡು ಬೇರೆಯಾ?” ಅಂದಳು ಹೆಂಡತಿ.

ಬೇರೆ ಎಲ್ಲಿಂದ ಬರಬೇಕು? ನ್ಯೂಯಾರ್ಕಿನಲ್ಲಿ ಹಳೇ ಇಗರ್ಜಿಯೊಂದನ್ನು ಸ್ಟುಡಿಯೊ ಮಾಡಿಕೊಂಡಿದ್ದ ಜಾಗದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಊದಿದ್ದು, ಬಾರಿಸಿದ್ದು. ಅಷ್ಟೇ. ಮೂರನೇ ದಿನ ಇಲ್ಲ. ಆದರೆ ಈ ಸಲದ್ದು ಹೆಚ್ಚು ಅಸಲಿ ಎಂದೆ.

“ಹಾಗಾದ್ರೆ ಆ ಐದು?”

ರೀಮಾಸ್ಟರ್, ಅಂದರೆ ಹಳೇ ಟೇಪಿನ ನಾದವನ್ನೇ ತಿಕ್ಕಿ ತೊಳೆದು ಮತ್ತೆ ಮಾರುವ ವ್ಯಾಪಾರದ ಗುಟ್ಟು ಈ ಪ್ರಶ್ನೆಯಲ್ಲೇ ಇದೆ. ಕಿರಾಣಿ ಅಂಗಡಿಯವನು ‘ಹೋದ ತಿಂಗಳು ಕೊಟ್ಟ ಬೇಳೆಯಲ್ಲಿ ಕಲ್ಲಿತ್ತು, ಈಗ ಒಳ್ಳೇದು ಬಂದಿದೆ’ ಅಂದರೆ ನಾವು ಜಗಳ ತೆಗೆಯುತ್ತೇವೆ. ತಟ್ಟೆಯ ವ್ಯಾಪಾರಿ ‘ಇಷ್ಟು ವರ್ಷ ನೀವು ಕೇಳಿದ್ದು ಮಸುಕು ನಾದ’ ಅಂದರೆ ಕೃತಜ್ಞತೆಯಿಂದ ಕಾರ್ಡ್ ತೆಗೆಯುತ್ತೇವೆ.

ಅವರು ಸುಳ್ಳು ಹೇಳುತ್ತಿದ್ದಾರೆ ಅನ್ನುವಂತೆಯೂ ಇಲ್ಲ. ಮಾರ್ಚ್ 2ರಂದು ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗೆ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ಶ್ರುತಿ ಏರುತ್ತದೆ. ಹೀಗಾಗಿ ಮೊದಲ ಮಗ್ಗುಲಿನ ಮೂರೂ ರಚನೆಗಳು ಮೂವತ್ತು ಚಿಲ್ಲರೆ ವರ್ಷ ಏರಿದ ಶ್ರುತಿಯಲ್ಲೇ ಬಿಕರಿಯಾದವು. ತಟ್ಟೆ ಹಾಕಿಕೊಂಡು ಜೊತೆಗೆ ನುಡಿಸಹೊರಟ ಎಷ್ಟು ಹುಡುಗರು ತಮ್ಮ ಕಿವಿಯನ್ನೇ ಶಪಿಸಿಕೊಂಡರೋ. ಅಂದು ಜೊತೆಯಲ್ಲೇ ಓಡಿದ್ದ ಎರಡನೇ ಯಂತ್ರದ ಸುರುಳಿ ತೆಗೆದು ತಪ್ಪು ತಿದ್ದಿದ್ದು 1992ರಲ್ಲಿ. ಮೈಲ್ಸ್ ತೀರಿಕೊಂಡಿದ್ದು 1991ರಲ್ಲಿ.

ತಿದ್ದಿದ ಮೇಲೆ ಕಥೆ ಮುಗಿಯಬೇಕಿತ್ತು. ಆದರೆ ತಟ್ಟೆ ಕೂಡಿಡುವ ಮಹಾರಸಿಕರು ಬೆವರು ಸುರಿಸಿ ಹುಡುಕುವುದು, ಹೆಚ್ಚು ಹಣ ಸುರಿಯುವುದು 1959ರ ಮೊದಲ ಅಚ್ಚಿಗೇ. ಅಂದರೆ ಶ್ರುತಿ ತಪ್ಪಿದ್ದಕ್ಕೇ.

ಇನ್ನು ಮಡಿವಂತರ ವಿಷಯ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ತನ್ನ ತಟ್ಟೆಗಳ ಹೊದಿಕೆಯ ನೆತ್ತಿಯ ಮೇಲೆ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಎಂಬ ಪಟ್ಟಿ ಹಾಕುತ್ತದೆ, ನಾಮ ಹಾಕಿದ ಹಾಗೆ. ಅದರ ‘ಒನ್ ಸ್ಟೆಪ್’ ಎಂಬ ಬಗೆಗೆ 2022ರಲ್ಲಿ 125 ಡಾಲರ್ ಇತ್ತು. ಕೊಳ್ಳುವವರ ನಂಬಿಕೆ ಇಷ್ಟು: ಮೂಲ ಟೇಪಿನಿಂದ ನೇರ ತಟ್ಟೆಗೆ, ನಡುವೆ ಡಿಜಿಟಲ್ ಮೈಲಿಗೆ ಸೋಂಕಿಲ್ಲ. ಸೋಂಕಿದ್ದರೆ ಮೊದಲ ಸ್ವರಕ್ಕೇ ಕಿವಿ ಹಿಡಿದುಬಿಡುತ್ತಿತ್ತು ಎಂದು ಎದೆ ಮುಟ್ಟಿಕೊಂಡು ಹೇಳುವ ಪೈಕಿ ಇವರು.

ಹಿಡಿಯಲಿಲ್ಲ. 2022ರ ಜುಲೈಯಲ್ಲಿ ಅರಿಜೋನಾದ ತಟ್ಟೆ ಅಂಗಡಿಯವನೊಬ್ಬ ವಿಡಿಯೊ ಮಾಡಿ, ಈ ತಟ್ಟೆಗಳನ್ನು ಮಾಡುವುದು ಡಿಜಿಟಲ್ ಕಡತದಿಂದ ಎಂದ. ಕಂಪನಿಯ ಎಂಜಿನಿಯರುಗಳು ಹೌದು ಎಂದರು. 2011ರಿಂದಲೇ ಹೌದಂತೆ! ಕೆಲವರಿಗೆ ಅನುಮಾನ ಹುಟ್ಟಿದ್ದು ಕೂಡ ಕಿವಿಯಿಂದಲ್ಲ, ಲೆಕ್ಕದಿಂದ. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ 40,000 ಪ್ರತಿ ಬರುತ್ತದೆ ಎಂದು ಸಾರಿದ್ದರು. ಟೇಪನ್ನು ಒಂದು ಸಲ ಓಡಿಸಿದರೆ ಇಂತಿಷ್ಟೇ ಪ್ರತಿ ಬರುವುದು, ಅಷ್ಟು ಪ್ರತಿಗೆ ಮೂಲ ಟೇಪನ್ನು ಎಷ್ಟು ಸಲ ಓಡಿಸುತ್ತಾರಪ್ಪಾ ಎಂದು ಯಾರೋ ಬೆರಳು ಮಡಚಿ ಎಣಿಸಿದರು. ಜುಲೈಗೆ ಮುಂಚೆ ಸ್ವರ್ಗ ತೋರಿಸುತ್ತಿದ್ದ ತಟ್ಟೆ ಆಗಸ್ಟ್‌ನಲ್ಲಿ ಕಂಪ್ಯೂಟರ್ ವಾಸನೆ ಹೊಡೆಯತೊಡಗಿತು. ವಿಷಯ ಕೋರ್ಟಿಗೆ ಹೋಗಿ ಎರಡೂವರೆ ಕೋಟಿ ಡಾಲರ್‌ಗೆ ರಾಜಿಯಾಯಿತು. ತಟ್ಟೆ ಹಿಂತಿರುಗಿಸಿದರೆ ಪೂರ್ತಿ ದುಡ್ಡು. ತಟ್ಟೆಯೂ ಇರಲಿ ಅನ್ನುವವರಿಗೆ ಶೇಕಡಾ 5 ನಗದು. ಮೈಲಿಗೆಗೆ ಇಷ್ಟು ನಿಖರವಾದ ದರ ನಮ್ಮ ಯಾವ ಮಠವೂ ಕಟ್ಟಿದ್ದಿಲ್ಲ.

‘ಕಂಪ್ಲೀಟ್’ ಎಂಬ ಹೆಸರಿನಲ್ಲಿ ರೆಕಾರ್ಡಿಂಗಿನ ಚೂರುಪಾರನ್ನೆಲ್ಲ ತುಂಬಿ ಮಾರುವ ಡಬ್ಬಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸೆಕೆಂಡ್ ಊದಿ ನಿಲ್ಲಿಸಿದ್ದು, ಮಾತು, ಮತ್ತೆ ಊದಿದ್ದು, ಮತ್ತೆ ನಿಲ್ಲಿಸಿದ್ದು. ಅಡುಗೆಭಟ್ಟ ರುಚಿ ನೋಡಿ ಉಗಿದದ್ದನ್ನೂ ಎಲೆಗೆ ಬಡಿಸುವ ಸಂಭ್ರಮ.

ಒಬ್ಬನನ್ನು ಮಾತ್ರ ಹಾಸ್ಯ ಮಾಡಲು ನನಗೆ ಮನಸ್ಸು ಬಾರದು. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕ 1947–48ರಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ರೆಕಾರ್ಡಿಂಗ್ ಯಂತ್ರ ಹೊತ್ತು ಜಾಜ್ ಸ್ಯಾಕ್ಸೊಫೋನಿನ ದಿಗ್ಗಜ ಚಾರ್ಲಿ ಪಾರ್ಕರ್‌ನ ವಾದನವನ್ನು ಹಿಡಿದ. ಬಹುಪಾಲು ಪಾರ್ಕರ್ ಮಾತ್ರ, ಅವನ ಸೋಲೊ ಸರದಿ ಮುಗಿದು ಬೇರೆಯವರು ಶುರು ಮಾಡುತ್ತಲೇ ಯಂತ್ರ ಬಂದ್. ಒಬ್ಬನನ್ನು ಇಷ್ಟಪಡುವುದೆಂದರೆ ಹಾಗೆ. ಆದರೆ 1990ರಲ್ಲಿ ಮೊಸಾಯಿಕ್ ಸಂಸ್ಥೆ ಆ ತುಂಡುಗಳನ್ನೆಲ್ಲ ಏಳು ಸಿ.ಡಿ. ಮಾಡಿ ಹೊರತಂದಾಗ ಅದಕ್ಕೂ ‘ಕಂಪ್ಲೀಟ್’ ಎಂದೇ ಹೆಸರಿಟ್ಟಿತು. ಪೂರ್ತಿ ಹಾಡು ಸಿಗುವುದೇ ಅಪರೂಪವಾದ ಸಂಪೂರ್ಣ ಸಂಪುಟ ಅದು.

ಈ ಗಲಾಟೆಯಲ್ಲಿ ಯಾರ ಕೈಗೂ ಸಿಗದೆ ಉಳಿದವನೆಂದರೆ ನ್ಯೂ ಆರ್ಲಿಯನ್ಸ್‌ನ ಬಡ್ಡಿ ಬೋಲ್ಡನ್. ಜಾಜ್‌ನ ಮೂಲಪುರುಷ ಎನ್ನುತ್ತಾರೆ. 1907ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದವನು 1931ರಲ್ಲಿ ಅಲ್ಲೇ ಸತ್ತ. ಅವನು ಊದಿದ ಒಂದು ಸ್ವರವೂ ಉಳಿದಿಲ್ಲ. ಮೇಣದ ಸಿಲಿಂಡರ್ ಒಂದಕ್ಕೆ ಊದಿದ್ದನೆಂಬ ಮಾತಿದೆ. ಇಂದಿಗೂ ಅದು ಪತ್ತೆಯಿಲ್ಲ.

ಪತ್ತೆಯಾದರೆ ಬರೀ ಕರಕರ ಸದ್ದೇ ಇರುತ್ತದೆ ಎಂದು ನನಗೆ ಗೊತ್ತು. ಆದರೂ ಕಪಾಟಿನ ಎರಡನೇ ಅಡ್ಡೆಯಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಹೆಂಡತಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ.