ತುದಿಗೆ ಹತ್ತುವವರು ಯಾರು?

ಮಲೇಷ್ಯಾದ ರಾಜಧಾನಿ ಕೌಲಾಲಂಪುರದ ಮೆರ್ಡೆಕಾ 118 ಗೋಪುರದ ವಿಡಿಯೋ ನಮ್ಮ ಕಾರವಾರದ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಸುತ್ತುತ್ತಿದೆ. "ನಮ್ಮಲ್ಲಿ ಇಂಥದ್ದು ಯಾವಾಗ ಮಾರಾಯ್ರೆ?" ಅಂತ ಕೆಳಗೆ ಕೇಳಿದವರೇ ಕೇಳಿದವರು. ಎತ್ತರದ ಕಟ್ಟಡ ಅಂದರೆ ನನಗೆ ಅಲರ್ಜಿಯೇನಿಲ್ಲ. ಆದರೆ ಯಾವ ಗೋಪುರ ಕಂಡರೂ ನನಗೆ ಮೊದಲು ಏಳುವ ಪ್ರಶ್ನೆ ಒಂದೇ: ಅದರ ಮೇಲೆ ಹತ್ತಲಿಕ್ಕೆ ಯಾರಿಗೆಲ್ಲ ಬಿಡುತ್ತಾರೆ?

ಮೊದಲು ಆ ಎತ್ತರದ್ದೇ ಲೆಕ್ಕ ನೋಡುವಾ. ಮೆರ್ಡೆಕಾ 678.9 ಮೀಟರ್. ಅದನ್ನು ಮೀರಿಸಿದ್ದು ಬುರ್ಜ್ ಖಲೀಫಾ ಒಂದೇ. ಆದರೆ ಬುರ್ಜ್ ಇರುವ ದುಬೈ ದೇಶದ ರಾಜಧಾನಿಯಲ್ಲ, ರಾಜಧಾನಿ ಅಬುಧಾಬಿ (ಗಲ್ಫಿನ ನಂಟಿರುವ ಭಟ್ಕಳದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ). ಹಾಗಾಗಿ ದೇಶಗಳ ರಾಜಧಾನಿಗಳಲ್ಲಿರುವ ಕಟ್ಟಡಗಳ ಪೈಕಿ ಮೆರ್ಡೆಕಾವೇ ಎಲ್ಲಕ್ಕಿಂತ ಎತ್ತರ. ಸರಿ, ಆದರೆ ಅದರಲ್ಲಿ ಸುಮಾರು 160 ಮೀಟರ್ ಬರೀ ಮೊನೆ, ಅಂದರೆ ನೆತ್ತಿಯ ಚೂಪು ಶಿಖರ! ಮುರ್ಡೇಶ್ವರದ ರಾಜಗೋಪುರಗಳನ್ನು ಒಂದರ ಮೇಲೊಂದು ಎರಡು ಇಟ್ಟರೂ ಆ ಮೊನೆಯಷ್ಟಾಗುವುದಿಲ್ಲ.

ಮೊನೆಯ ತಕರಾರು ಹಳೆಯದು. ಕೌಲಾಲಂಪುರದ್ದೇ ಆದ ಪೆಟ್ರೋನಾಸ್ ಅವಳಿ ಗೋಪುರ ಶಿಕಾಗೋದ ಸಿಯರ್ಸ್ ಟವರನ್ನು ಹಿಂದೆ ಹಾಕಿತು ಅಂತ 1996ರಲ್ಲಿ ಘೋಷಣೆಯಾದಾಗ ಶಿಕಾಗೋದವರಿಗೆ ಪಿತ್ತ ನೆತ್ತಿಗೇರಿತ್ತು. ಸಿಯರ್ಸ್‌ಗೆ 110 ಮಹಡಿ, ಚಾವಣಿಯೇ 442 ಮೀಟರಿನಲ್ಲಿದೆ. ಪೆಟ್ರೋನಾಸ್‌ಗೆ 88 ಮಹಡಿ, ಜನ ಓಡಾಡುವ ಕಟ್ಟಕಡೆಯ ಮಹಡಿ ಸುಮಾರು 375 ಮೀಟರಿನಲ್ಲಿ, ಮೊನೆ ಸೇರಿ 452. ಸಿಯರ್ಸ್ ಮೇಲಿರುವಂಥ ಆಂಟೆನಾ ಲೆಕ್ಕಕ್ಕಿಲ್ಲ, ವಿನ್ಯಾಸದ ಭಾಗವಾದ ಶಿಖರ ಲೆಕ್ಕಕ್ಕುಂಟು ಅನ್ನುವ ನಿಯಮದಿಂದ ಗೆದ್ದಿದ್ದು ಅದು. ನನ್ನನ್ನು ಕೇಳಿದರೆ ಶಿಕಾಗೋದವರ ಸಿಟ್ಟು ನ್ಯಾಯದ್ದೇ.

ಇಷ್ಟಾದರೂ ಪೆಟ್ರೋನಾಸ್ ಅಂದರೆ ನನಗೆ ಪ್ರೀತಿ. ಮೊದಲು ಗುರುತಿಸಿದ ಜಾಗದಲ್ಲಿ ನೆಲದಡಿ ಒಂದು ಕಡೆ ಗಟ್ಟಿ ಬಂಡೆ, ಇನ್ನೊಂದು ಕಡೆ ಸವೆದ ಸುಣ್ಣಕಲ್ಲು ಸಿಕ್ಕಿತಂತೆ. ಇಡೀ ಯೋಜನೆಯನ್ನೇ ಸುಮಾರು 60 ಮೀಟರ್ ಆಚೆ ಸರಿಸಿ, ಕೆಲವು ಕಡೆ 100 ಮೀಟರಿಗೂ ಆಳಕ್ಕೆ ತಳಪಾಯ ಇಳಿಸಿದರು. ಒಂದು ಗೋಪುರ ಜಪಾನಿನ ತಂಡಕ್ಕೆ, ಇನ್ನೊಂದು ಕೊರಿಯಾದವರಿಗೆ; ಇಬ್ಬರಿಗೂ ಪೈಪೋಟಿ. ಉಕ್ಕು ದುಬಾರಿ ಅಂತ ಕಾಂಕ್ರೀಟಿನಲ್ಲೇ ಎಬ್ಬಿಸಿದರು. ಇದೆಲ್ಲಕ್ಕಿಂತ ಹೆಚ್ಚಾಗಿ, 41-42ನೇ ಮಹಡಿಯಲ್ಲಿ ಎರಡನ್ನೂ ಜೋಡಿಸುವ ಸೇತುವೆ ಇದೆಯಲ್ಲ, ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಹೋಗಬಹುದು. ಕೆಳಗೆ ಕುದುರೆ ರೇಸಿನ ಮೈದಾನವಾಗಿದ್ದ ಜಾಗದಲ್ಲಿ 50 ಎಕರೆ ಪಾರ್ಕು. ದುಡ್ಡಿಲ್ಲದವರಿಗೂ ಅಲ್ಲಿ ಕೂರಲು ಜಾಗವಿದೆ.

ನಮ್ಮದೇ ರಾಜಧಾನಿ ಬೆಂಗಳೂರಿನ ಕತೆ ಉಲ್ಟಾ ಹೋಗಿದೆ. ಎಂ.ಜಿ. ರಸ್ತೆಯಲ್ಲಿ 1973ರಲ್ಲಿ ಎದ್ದ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ಪಾಲಿಕೆಯದ್ದು. ಅಂಗಡಿಯೂ ಇತ್ತು, ಆಫೀಸೂ ಇತ್ತು, ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಅದನ್ನು ಮೀರಿ ಬೆಳೆದವುಗಳಲ್ಲಿ ಬಹಳಷ್ಟು ಫ್ಲಾಟುಗಳ ಗೋಪುರ. ಗೇಟಿನ ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆಸಿಕೊಂಡು, ಮೇಲಿನವರು ಹೂಂ ಅಂದರಷ್ಟೇ ಒಳಗೆ ಬಿಡುತ್ತಾರೆ.

ಈ ವಿಷಯದಲ್ಲಿ ಮುರ್ಡೇಶ್ವರವನ್ನು ಹೊಗಳದೇ ಇರಲಾಗದು. ಆ ಗೋಪುರದ ಚಂದದ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ, ಅದು ಬೇರೆ ಮಾತು. ಆದರೆ ಸಣ್ಣ ಟಿಕೆಟ್ಟಿಗೆ ಲಿಫ್ಟಿನಲ್ಲಿ 18ನೇ ಮಹಡಿಗೆ ಕರೆದೊಯ್ಯುತ್ತಾರೆ. ಬಯಲುಸೀಮೆಯಿಂದ ಬಸ್ಸು ಮಾಡಿಕೊಂಡು ಬಂದ ಅಜ್ಜಿಯಂದಿರು ಕಿಟಕಿಗೆ ಮುಖ ಒತ್ತಿ ಸಮುದ್ರ ನೋಡುತ್ತಾರೆ. ಫ್ಲಾಟು ಕೊಂಡವರಿಗಷ್ಟೇ ಸಿಗುವ ಎತ್ತರ ಅವರಿಗೂ ಸಿಗುತ್ತದೆ.

ಇನ್ನು ಕಾರವಾರಕ್ಕೆ ಬರುವಾ. ಇಲ್ಲಿಯೂ 'ಸೀ ವ್ಯೂ' ಅಂತ ಬೋರ್ಡು ಹಾಕಿ ಮಾರುವ ಕಾಲ ಬಂದಿದೆ. ಎತ್ತರ ಏರಿದಷ್ಟೂ ರೇಟು ಏರುತ್ತದೆ, ಹಿಂದಿನ ಸಾಲಿನ ಮನೆಗಳಿಗೆ ಸಮುದ್ರವೂ ಇಲ್ಲ, ಗಾಳಿಯೂ ಇಲ್ಲ. ಕರಾವಳಿ ನಿಯಮ ಪಾಲಿಸಿ, ನೆಲ ಪರೀಕ್ಷೆ ಮಾಡಿಸಿ, ಯಾರಾದರೂ ಇಪ್ಪತ್ತು ಮಹಡಿ ಕಟ್ಟುತ್ತೇವೆ ಅಂದರೆ ನಾನಂತೂ ಅಡ್ಡ ಬರುವುದಿಲ್ಲ. ಪರವಾನಗಿ ಕೊಡುವವರು ಒಂದೇ ಷರತ್ತು ಹಾಕಲಿ: ಕೊನೆಯ ಮಹಡಿ ಊರಿನದ್ದು. ರಸ್ತೆಯಿಂದಲೇ ಹತ್ತುವ ಹಾಗೆ ಅದಕ್ಕೊಂದು ಬೇರೆ ಲಿಫ್ಟು, ಬೇಕಿದ್ದರೆ ಟಿಕೆಟ್ಟೂ ಇರಲಿ. ಬೈತಖೋಲದ ಮೀನುಗಾರರ ಮಕ್ಕಳೂ ಮೇಲೆ ಹೋಗಿ ತಮ್ಮ ದೋಣಿ ಎಲ್ಲಿದೆ ಅಂತ ಹುಡುಕಲಿ. ಫ್ಲಾಟಿನವರು ಗಲಾಟೆ, ಗದ್ದಲ ಅಂತ ಅರ್ಜಿ ಹಾಕುತ್ತಾರೆ, ಗೊತ್ತು. ಹಾಕಲಿ ಬಿಡಿ.