ಭೂಕಂಪ ಬಂದರೂ ಸರಿ, ವರದಿ ಬರಬಾರದು

ಒಂದಿಡೀ ಬಡಾವಣೆಯನ್ನು ನಡುಗಿಸಲು ಭೂಕಂಪವೇ ಬೇಕಿಲ್ಲ. ಕೈಯಲ್ಲಿ ಫಾರಂ ಹಿಡಿದ ಒಬ್ಬ ಎಂಜಿನಿಯರ್ ಸಾಕು. ಆತ ಅಪಾರ್ಟ್‌ಮೆಂಟಿನ ಎದುರು ನಿಂತು ತಲೆ ಎತ್ತಿ ನೋಡಿದರೆ ಮೇಲಿನ ಮಹಡಿಯವರೆಗೂ ಕಂಪನ ಮುಟ್ಟುತ್ತದೆ.

ಪಾಪ, ಆತನದು ಸಾಧು ಕೆಲಸ: ಭೂಕಂಪ ಬಂದರೆ ಕಟ್ಟಡ ತಾಳುತ್ತದಾ ಎಂದು ನೋಡುವುದು. ಅಮೆರಿಕದವರು 1988ರಲ್ಲೇ ಇದಕ್ಕೊಂದು ಕೈಪಿಡಿ ತಂದರು. ರಸ್ತೆಯಲ್ಲಿ ನಿಂತೇ ಕಟ್ಟಡಕ್ಕೆ ಅಂಕ ಕೊಡುವುದು. ಎಷ್ಟು ಮಹಡಿ, ಯಾವ ಕಾಲದ್ದು, ಆಕಾರ ನೆಟ್ಟಗಿದೆಯಾ, ಕೆಳಗಿನ ಮಣ್ಣು ಎಂಥದ್ದು? ಅಂಕ ಕಡಿಮೆ ಬಂದರೆ ಕಟ್ಟಡ ಬೀಳುತ್ತದೆ ಅಂತಲ್ಲ, ಒಳಗೆ ಹೋಗಿ ಸರಿಯಾಗಿ ಪರೀಕ್ಷೆ ಮಾಡಿ ಅಂತ ಅಷ್ಟೇ. ನಿವಾಸಿಗಳ ಸಂಘದ ಕಿವಿಗೆ ಅದು ಬೇರೆಯೇ ಥರ ಬೀಳುತ್ತದೆ: ಫ್ಲ್ಯಾಟಿನ ರೇಟು ಹೋಯಿತು!

ತಕ್ಷಣ ತುರ್ತು ಸಭೆ. ಕಂಬ ಗಟ್ಟಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. "ಇವನನ್ನು ಗೇಟಿನೊಳಗೆ ಬಿಟ್ಟವರು ಯಾರು?" ಎನ್ನುವುದೇ ಮೊದಲ ಪ್ರಶ್ನೆ. ಬಿರುಕುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಲು ಒಮ್ಮತದ ಒಪ್ಪಿಗೆ. ಕಂಬಗಳಿಗೆ ಕಾಂಕ್ರೀಟಿನ ಹೊದಿಕೆ ಹಾಕಿಸೋಣ ಅಂದವರಿಗೆ ಮಾತ್ರ ಸಂಘದಲ್ಲಿ ದುಡ್ಡಿಲ್ಲ. ಅದೂ ಅಲ್ಲದೆ, ಕಂಬ ದಪ್ಪ ಆದರೆ ಕಾರು ತಿರುಗಿಸುವುದು ಹೇಗೆ?

ಆ ಕಾರುಗಳಿಗಾಗಿ ತಾನೇ ಕೆಳಮಹಡಿಯ ಗೋಡೆಗಳನ್ನೆಲ್ಲ ಬಿಟ್ಟಿದ್ದು! ಮೇಲೆ ಮನೆಗಳು, ಗೋಡೆಗಳು. ಕೆಳಗೆ ಬರೀ ಕಂಬ. ನೆಲ ಅಲುಗಿದರೆ ಮೇಲಿನದ್ದೆಲ್ಲ ಒಟ್ಟಾಗಿ ಓಲಾಡುತ್ತದೆ, ಏಟು ತಿನ್ನುವುದು ಆ ಕಂಬಗಳು. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗಿಂತ ದೂರದ ಅಹಮದಾಬಾದಿನಲ್ಲೂ ಇಂಥ ಕಟ್ಟಡಗಳು ಕುಸಿದವು. ಕಂಬದೊಳಗೆ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ಇರುತ್ತದಲ್ಲ, ಅದರ ತುದಿ 135 ಡಿಗ್ರಿ ಬಾಗಿ ಒಳಗೆ ಸೇರಿರಬೇಕು. 90ಕ್ಕೇ ಬಿಟ್ಟರೆ ಜೋರು ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಮನೆ ಕೊಳ್ಳಲು ಬಂದವರು ನಲ್ಲಿ ತಿರುಗಿಸಿ ನೋಡುತ್ತಾರೆ, ಟೈಲ್ಸ್ ಮೇಲೆ ಕೈಯಾಡಿಸುತ್ತಾರೆ. ರಿಂಗಿನ ತುದಿ ಕೇಳಿದವರನ್ನು ಬಿಲ್ಡರ್ ಇನ್ನೂ ಕಂಡಿಲ್ಲ. ಕಂಡರೆ ಫ್ಲ್ಯಾಟ್ ಮಾರುವುದೂ ಇಲ್ಲ ಬಿಡಿ.

"ಭೂಕಂಪ ಎಲ್ಲೋ ದೂರ ಆದರೆ ನಮಗೇನು?" ಎನ್ನುವ ಪಂಡಿತರು ಪ್ರತಿ ಲಿಫ್ಟಿನಲ್ಲೂ ಸಿಗುತ್ತಾರೆ. 1985ರಲ್ಲಿ ಮೆಕ್ಸಿಕೋ ನಗರಕ್ಕೂ ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರವೇ ಇತ್ತು. ಆದರೆ ನಗರದ ಒಂದು ಭಾಗ ಹಳೇ ಸರೋವರದ ಕೆಸರಿನ ಮೇಲಿತ್ತು. ಮೆತ್ತನೆ ಮಣ್ಣು ಅಲುಗಾಟವನ್ನು ಹಲವು ಪಟ್ಟು ಜಾಸ್ತಿ ಮಾಡಿತು. ಹೆಸರಿನಲ್ಲಿ 'ಲೇಕ್ ವ್ಯೂ' ಇರುವ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ಕೆರೆ ಎಲ್ಲಿ ಅಂತ ಸುಮ್ನೆ ಹುಡುಕಬೇಡಿ. ಅದರ ಮೇಲೇ ನಿಂತಿರಬಹುದು.

ಸರಕಾರಗಳು ಇನ್ನೂ ಜಾಣ. ಟರ್ಕಿಯಲ್ಲಿ 2018ರಲ್ಲಿ, ನಿಯಮ ಮೀರಿ ಕಟ್ಟಿದವರಿಂದ ಶುಲ್ಕ ಕಟ್ಟಿಸಿಕೊಂಡು ಕಟ್ಟಡಗಳನ್ನು ಸಕ್ರಮ ಮಾಡಿದರು. ಭೂಕಂಪ ತಡೆಯುತ್ತದೋ ಇಲ್ಲವೋ, ಅದು ಮಾಲೀಕರ ಹೊಣೆಯಂತೆ! 2023ರ ಫೆಬ್ರವರಿ 6ರಂದು 7.8ರ ಭೂಕಂಪ ಬಂತು. ಆ ದೇಶದಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಕ್ಷಮಾಪತ್ರಕ್ಕೆ ಸರಕಾರ ಸಹಿ ಹಾಕಿತ್ತು, ಭೂಮಿ ಹಾಕಿರಲಿಲ್ಲ.

ನಮ್ಮ ಬಡಾವಣೆಯವರು ಅಷ್ಟೆಲ್ಲ ಕೇಳುವವರಲ್ಲ. ಅವರ ಮನವಿ ಒಂದೇ: ಅಪಾಯದ ನಕ್ಷೆಯಲ್ಲಿ ನಮಗೆ ಹಚ್ಚಿದ ಕೆಂಪು ಕಣ್ಣಿಗೆ ಹೊಡೆಯುತ್ತದೆ, ದಯವಿಟ್ಟು ಬೇರೆ ಬಣ್ಣ ಕೊಡಿ. ಕಚೇರಿಯವರೂ ಮನುಷ್ಯರೇ ಅಲ್ವಾ, ಒಪ್ಪಿದರು. ಈಗ ಇಡೀ ಬಡಾವಣೆ ತಿಳಿ ಹಸಿರು. ಅಷ್ಟರಲ್ಲೇ ಮೇಲೆ ಇನ್ನೊಂದು ಮಹಡಿ ಎಬ್ಬಿಸಲು ಅರ್ಜಿಗಳು ಬಂದು ಬಿದ್ದಿವೆ. ಜೊತೆಗೆ ಆ ನಕ್ಷೆಯ ಪ್ರತಿ ಲಗತ್ತಿಸಿದ್ದಾರೆ.