ಅಂಚೆಯಲ್ಲಿ ಬಂದ ಪುಟ್ಟ ಬಾಟಲಿ

ಇಂಗ್ಲೆಂಡಿನಲ್ಲಿ ಐವತ್ತು ತುಂಬಿದವರ ಮನೆಗೆ ಎರಡು ವರ್ಷಕ್ಕೊಮ್ಮೆ ಒಂದು ಲಕೋಟೆ ಬರುತ್ತದೆ. ಒಳಗೆ ಬೆರಳುದ್ದದ ಬಾಟಲಿ. ಮುಚ್ಚಳಕ್ಕೆ ಅಂಟಿದ ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳು. ಕಡ್ಡಿಯನ್ನು ಮಲದ ಮೇಲೆ ಆಡಿಸಿ, ಗೀರುಗಳು ತುಂಬಿದೊಡನೆ ಬಾಟಲಿಗೆ ತೂರಿಸಿ, ತಾರೀಖು ಬರೆದು ಅಂಚೆಗೆ ಹಾಕಬೇಕು. ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಈ ಪರೀಕ್ಷೆಗೆ ‘ಫಿಟ್’ ಎಂದು ಹೆಸರು. ನನಗೆ ಬಂದ ಮೊದಲ ಬಾಟಲಿ ಮೂರು ವಾರ ಬಚ್ಚಲಿನ ಕಪಾಟಿನಲ್ಲೇ ಕುಳಿತಿತ್ತು. ಹೇಸಿಗೆಗಿಂತ ಅನುಮಾನವೇ ಹೆಚ್ಚು: ಇಷ್ಟರಿಂದ ದೊಡ್ಡ ಕರುಳಿನ ಕ್ಯಾನ್ಸರ್ ತಿಳಿದೀತೇ?

ಅಮೆರಿಕದಲ್ಲಿರುವ ಗೆಳೆಯ ನಕ್ಕುಬಿಟ್ಟ. ಅಲ್ಲಿ 45ಕ್ಕೇ ತಪಾಸಣೆ ಶುರು. ಹೆಚ್ಚಿನವರು ನೇರ ಕೊಲೊನೋಸ್ಕೋಪಿಗೇ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೇ, ಹೋಗುತ್ತಾರೆ, ಏನೂ ಸಿಗದಿದ್ದರೆ ಮತ್ತೆ ಹತ್ತು ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಅವನ ಮಾತಿನಲ್ಲಿ ಹುರುಳಿದೆ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕಂಡರೆ, ಅದು ಕ್ಯಾನ್ಸರ್ ಆಗುವ ಮೊದಲೇ, ಅಲ್ಲೇ ಕತ್ತರಿಸಿ ತೆಗೆಯಬಹುದು. ಫಿಟ್ ಒಂದು ಸಲಕ್ಕೆ ಕ್ಯಾನ್ಸರ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹಿಡಿಯುತ್ತದೆ. ಅಪಾಯಕಾರಿ ಪಾಲಿಪ್‌ಗಳಲ್ಲಿ ಕಾಲು ಭಾಗವನ್ನಷ್ಟೇ. ಎರಡು ವರ್ಷಕ್ಕೊಮ್ಮೆ ಬಿಡದೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ.

ಆದರೆ ಕೊಲೊನೋಸ್ಕೋಪಿಗೆ ಕರೆದರೆ ಬರುವವರೆಷ್ಟು? ಲೀಟರುಗಟ್ಟಲೆ ಭೇದಿಯ ದ್ರಾವಣ ಕುಡಿದು ರಾತ್ರಿಯಿಡೀ ಶೌಚಾಲಯಕ್ಕೆ ಎಡತಾಕುವ ಕೆಲಸಕ್ಕೆ ಯಾರೂ ಓಡೋಡಿ ಹೋಗುವುದಿಲ್ಲ. ನಕ್ಕ ಗೆಳೆಯನೇ ತನ್ನ ಸರದಿಯನ್ನು ಎರಡು ಸಲ ಮುಂದೂಡಿದ್ದಾನೆ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಬಂತು: ಕೊಲೊನೋಸ್ಕೋಪಿಗೆ ಕರೆದವರಲ್ಲಿ ಬಂದವರು ಶೇ 42, ಹತ್ತು ವರ್ಷಗಳಲ್ಲಿ, ಕರೆಯದವರಿಗೆ ಹೋಲಿಸಿದರೆ, ಕರೆದವರ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಅಪಾಯ ಇಳಿದದ್ದು ಶೇ 18. ಸ್ಪೇನ್‌ನಲ್ಲಿ ಎರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಕೊಲೊನೋಸ್ಕೋಪಿಯ ಗುಂಪಿನಲ್ಲಿ ಪಾಲ್ಗೊಂಡವರು ಸುಮಾರು ಶೇ 32, ಫಿಟ್ ಗುಂಪಿನಲ್ಲಿ ಶೇ 40. ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 0.22, ಎರಡನೆಯದರಲ್ಲಿ ಶೇ 0.24. ಇಷ್ಟೇ ಅಂತರ! ಬಡಪಾಯಿ ಬಾಟಲಿಯ ಮೇಲೆ ನನಗೆ ಗೌರವ ಬಂದದ್ದು ಆಗ.

ಹಾಗೆಂದು ನಾನು ಕೊಲೊನೋಸ್ಕೋಪಿಯ ವೈರಿಯಲ್ಲ. ಫಿಟ್‌ನಲ್ಲಿ ರಕ್ತ ಕಂಡರೆ ಮುಂದಿನ ದಾರಿ ಅದೇ. ‘ನಿಮ್ಮ ಮಾದರಿಯಲ್ಲಿ ರಕ್ತ ಸಿಕ್ಕಿದೆ’ ಎಂಬ ಪತ್ರವನ್ನು ‘ಮೂಲವ್ಯಾಧಿ ಇರಬೇಕು ಬಿಡಿ’ ಎಂದು ಮಡಚಿಟ್ಟವರನ್ನು ಕಂಡಿದ್ದೇನೆ. ಅಂಥವರು ಬಾಟಲಿಯನ್ನು ಅಂಚೆಗೆ ಹಾಕಿಯೂ ಏನು ಬಂತು?